ನಾಲ್ಕು ಕಾಲಮ್ಮಿನ ಗುರುತು

ಖಾನಾಪುರದ ಆಸ್ಪತ್ರೆಯ ಹಿರಿಯ ವೈದ್ಯರು ತಮಗೆ ಬೇಕಾದದ್ದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಿದರು.

"ಬಿಲ್ಲು ಗಿಲ್ಲು ಎಲ್ಲಾ ಆಮ್ಯಾಲೆ ನೋಡೂಣು. ನನಗ ಒಂದ ಬೇಕು. ಈ ದವಾಖಾನ್ಯಾಗ ಯಾರಿಗರ ಒಂದು ಇಂಜೆಕ್ಷನ್ ಒಗ್ಗಲಿಲ್ಲ ಅಂದ್ರ, ಅವ್ರು ಹತ್ತು ವರ್ಷ ಬಿಟ್ಟು ಬಂದ್ರೂ, ಸಿಸ್ಟರ್ ಸಿರಿಂಜ್ ತುಂಬೂಕಿಂತ ಮೊದಲ ನಿಮ್ಮ ಆ ಡಬ್ಬಿ ಮ್ಯಾಲೆ ಕೆಂಪ ಅಕ್ಷರ ಬರಬೇಕು. ಅಷ್ಟ."

ಅದಕ್ಕೆ ಕಾರಣವಿತ್ತು. ಒಗ್ಗದ ಔಷಧ ಬಿದ್ದು ಒಬ್ಬ ರೋಗಿ ಅವರ ಕಣ್ಣೆದುರೇ ತೀರಿಕೊಂಡಿದ್ದ. ಅವನ ಹಳೆಯ ಕೇಸ್ ಪೇಪರು ಅದೇ ಕಟ್ಟಡದ ಕಪಾಟಿನಲ್ಲಿ, ಸಾವಿರಾರು ಪೇಪರುಗಳ ನಡುವೆ ಇತ್ತು. ಅದು ಸಿಕ್ಕಿದ್ದು ಅವನ ಮಣ್ಣಾದ ಮೇಲೆ.

ನಾನು ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ಸುಬೇದಾರನಾಗಿ ನಿವೃತ್ತನಾಗಿ, ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ ಸೇರಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಕಚೇರಿಯ ಮಾಲೀಕ ನನಗಿಂತ ಬಹಳ ಚಿಕ್ಕವನು. ಉಳಿದವರು ಅವನಿಗಿಂತ ಚಿಕ್ಕವರು. ಎಲ್ಲರೂ ನನ್ನನ್ನು ಕಾಕಾ ಎನ್ನುತ್ತಿದ್ದರು. ಖಾನಾಪುರದ ಕೆಲಸ ನನ್ನ ಪಾಲಿಗೆ ಬಂತು.

ಭಾಷೆ ಜಾವಾ. ಆ ಬಗೆಯ ಪ್ರೋಗ್ರಾಮಿನಲ್ಲಿ ಮೊದಲು ಕ್ಲಾಸ್ ಎಂಬ ನಮೂನೆ ಬರೆಯಬೇಕು: ರೋಗಿ ಎಂದರೆ ಏನೇನು, ಭೇಟಿ ಎಂದರೆ ಏನೇನು, ಒಗ್ಗದ ಔಷಧ ಎಂದರೆ ಏನೇನು. ಆ ನಮೂನೆಯಿಂದ ಒಬ್ಬೊಬ್ಬ ರೋಗಿಗೆ ಒಂದೊಂದು ಆಬ್ಜೆಕ್ಟ್ ಹುಟ್ಟುತ್ತದೆ. ಅದು ಇರುವುದು ಯಂತ್ರದ ನೆನಪಿನಲ್ಲಿ. ಕರೆಂಟು ಹೋದರೆ ಅದೂ ಹೋಗುತ್ತದೆ. ಖಾನಾಪುರದಲ್ಲಿ ಕರೆಂಟು ದಿನವೂ ಹೋಗುತ್ತಿತ್ತು. ಆದ್ದರಿಂದ ಪ್ರತಿ ಆಬ್ಜೆಕ್ಟನ್ನೂ ಡೇಟಾಬೇಸಿನ ಟೇಬಲ್ಲಿನಲ್ಲಿ ಒಂದು ಸಾಲಾಗಿ ಇಳಿಸಿ, ಬೇಕಾದಾಗ ಆ ಸಾಲಿನಿಂದ ಮತ್ತೆ ಎತ್ತಿ ನಿಲ್ಲಿಸಬೇಕು. ಯಾವ ಕ್ಲಾಸ್ ಯಾವ ಟೇಬಲ್ಲಿಗೆ, ಯಾವ ಗುಣ ಯಾವ ಕಾಲಮ್ಮಿಗೆ ಎಂದು ಹೊಂದಿಸುವುದೇ ನನ್ನ ಕೆಲಸ. ಈಗ ಅದಕ್ಕೆ ಸಿದ್ಧ ಸಲಕರಣೆಗಳಿವೆ. ಆಗ ನಾವು ಇಳಿಸುವ, ಎತ್ತುವ ಪ್ರತಿ ವಾಕ್ಯವನ್ನೂ ಕೈಯಾರೆ ಬರೆಯುತ್ತಿದ್ದೆವು.

ಇದರಲ್ಲಿ ಒಂದು ತೊಡಕಿದೆ. ಯಂತ್ರದ ನೆನಪಿನಲ್ಲಿರುವ ಆಬ್ಜೆಕ್ಟಿಗೆ ತನ್ನದೇ ಗುರುತು ಇರುತ್ತದೆ. ಅದರ ಎಲ್ಲ ಗುಣಗಳನ್ನು ಬದಲಿಸಿದರೂ ಅದು ಅದೇ ಆಬ್ಜೆಕ್ಟ್. ಟೇಬಲ್ಲಿನ ಸಾಲಿಗೆ ಅಂಥ ಗುರುತಿಲ್ಲ. ಯಾವ ಕಾಲಂ ನೋಡಿ ಇದು ಇವರದೇ ಸಾಲು ಎನ್ನಬೇಕೋ ಅದನ್ನು ನಾವು ಹೇಳಿಕೊಡಬೇಕು. ಅದಕ್ಕೆ ಕೀ ಎನ್ನುತ್ತಾರೆ.

ನಾನು ಪ್ರತಿ ರೋಗಿಗೂ ಒಂದು ನಂಬರ್ ಕೊಡೋಣ ಎಂದೆ. ಸೈನ್ಯದಲ್ಲಿ ನಾನು ಬೆಳೆದದ್ದೇ ಹಾಗೆ. ವೈದ್ಯರು ನಕ್ಕರು.

"ನಂಬರ್ ನಿಮ್ಮ ಮಿಲಿಟರಿಯಾಗ ನಡೀತದ, ಸುಬೇದಾರ್ರ. ನಮ್ಮ ಮಂದಿ ನಂಬರಿನ ಚೀಟಿ ಕೊಟ್ರ ಅದರಾಗ ತಂಬಾಕ ಕಟ್ಟಿಕೊಂಡು ಹೋಗ್ತಾರ. ಅವ್ರಿಗೆ ನೆನಪಿರೂದು ಹೆಸರು. ಹೆಸರ ಹಿಡಕೊಂಡ ಹುಡುಕೂ ಹಂಗ ಮಾಡ್ರಿ."

ಮಾತು ಸರಿ ಎನಿಸಿತು. ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎನ್ನುವ ಮನೆತನದ ಹೆಸರು, ಊರು — ಈ ನಾಲ್ಕು ಕಾಲಂ ಸೇರಿದರೆ ಕೀ. ಖಾನಾಪುರ ತಾಲೂಕಿನಲ್ಲಿ ಕನ್ನಡದವರಿರಲಿ, ಮರಾಠಿಯವರಿರಲಿ, ಯಾರನ್ನು ಕೇಳಿದರೂ ಈ ನಾಲ್ಕನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಭೇಟಿಗಳ ಟೇಬಲ್ಲು, ಒಗ್ಗದ ಔಷಧದ ಟೇಬಲ್ಲು, ಎಲ್ಲವೂ ಈ ನಾಲ್ಕು ಕಾಲಮ್ಮಿನ ಮೂಲಕ ರೋಗಿಯ ಸಾಲಿಗೆ ತಗುಲಿಕೊಂಡವು. ಹಿಂದವಾಡಿಯ ಕಚೇರಿಯಲ್ಲಿ ನಮ್ಮ ನಮ್ಮ ಹೆಸರುಗಳನ್ನೇ ತುಂಬಿ ಪರೀಕ್ಷಿಸಿದೆವು. ಎಲ್ಲರೂ ಸಿಕ್ಕರು. ಕಚೇರಿಯಲ್ಲಿ ಎಲ್ಲರೂ ಗಂಡಸರೇ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಪಕ್ಕ, ಚಾದರ ಇಡುತ್ತಿದ್ದ ಖೋಲಿಯೊಂದನ್ನು ತೆರವು ಮಾಡಿ ಕಂಪ್ಯೂಟರ್ ಇಟ್ಟರು. ಕಪಾಟಿನ ಹಳೆಯ ಪೇಪರುಗಳಲ್ಲಿ ಔಷಧ ಒಗ್ಗದವರದನ್ನು ಮೊದಲು ಆರಿಸಿ ಯಂತ್ರಕ್ಕೆ ತುಂಬಿದೆವು. ಹೊರರೋಗಿಗಳ ಕೌಂಟರಿನಲ್ಲಿ ಇನ್ನೊಂದು ಪರದೆ ಇಟ್ಟೆವು. ಹಿರಿಯ ಸಿಸ್ಟರ್ ಮೊದಲ ದಿನವೇ ಅದಕ್ಕೆ ಕುಂಕುಮ ಹಚ್ಚಿದರು. ನಾನು ಒರೆಸಿದೆ. ಅವರು ಮತ್ತೆ ಹಚ್ಚಿದರು.

"ಇರಲಿ ಬಿಡ್ರಿ ಸುಬೇದಾರ ಸಾಹೇಬ್ರ. ಪರೇಡಿಗೆ ಏನ್ ಕುಂದಿಲ್ಲ."

ಕೆಲಸ ನಡೆಯಿತು. ಹಳೆಯ ಒಬ್ಬ ರೋಗಿ ಬಂದಾಗ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ವೈದ್ಯರು ಎದ್ದು ಬಂದು ನೋಡಿ ಹೋದರು. ನನಗೆ ಅದು ಸಾಕಾಗಿತ್ತು.

ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ವೈದ್ಯರಿಂದ ಕಚೇರಿಗೆ ಫೋನ್ ಬಂತು. ದನಿ ಗಟ್ಟಿಯಾಗಿರಲಿಲ್ಲ, ಅದರಿಂದಲೇ ಏನೋ ಆಗಿದೆ ಎಂದು ತಿಳಿಯಿತು.

"ಬರ್ರಿ ಇಲ್ಲಿ. ಬಂದು ನಿಮ್ಮ ಮಶಿನ್ ಏನ್ ಹೇಳಲಿಲ್ಲ ಅಂತ ನೋಡ್ರಿ."

ಮುಂದಿನ ರೈಲಿಗೆ ಹೋದೆ. ನಡೆದದ್ದು ಇಷ್ಟು. ಒಬ್ಬ ಬಸುರಿ ಹುಡುಗಿಯನ್ನು ಜ್ವರ ಬಂದಿದೆ ಎಂದು ಅತ್ತೆ ಕರೆತಂದಿದ್ದರು. ಕೌಂಟರಿನಲ್ಲಿ ನಾಲ್ಕು ಕಾಲಂ ತುಂಬಿದರು. ಪರದೆ ಹೊಸ ರೋಗಿ ಎಂದಿತು. ಕೆಂಪು ಇಲ್ಲ. ಸಿಸ್ಟರ್ ಬಾಯಿಂದಲೂ ಕೇಳಿದ್ದರು, ಹಿಂದೆ ಯಾವುದಾದರೂ ಸೂಜಿ ಒಗ್ಗಿರಲಿಲ್ಲವೇ ಎಂದು. ಹಾಗೇನೂ ಆಗಿಲ್ಲ ಎಂದು ಉತ್ತರ ಕೊಟ್ಟದ್ದು ಅತ್ತೆ. ಪೆನಿಸಿಲಿನ್ ಬರೆದರು. ಸಿಸ್ಟರ್ ತಮ್ಮ ರೂಢಿಯಂತೆ ಮೊದಲು ಚರ್ಮದ ಕೆಳಗೆ ಒಂದು ಹನಿ ಕೊಟ್ಟು ಕಾದರು. ಆ ಒಂದು ಹನಿಗೇ ತೋಳು ಉಬ್ಬಿ, ಉಸಿರು ಕಟ್ಟಲಾರಂಭಿಸಿತು. ಕೂಡಲೇ ಮಾಡಬೇಕಾದ್ದನ್ನು ಮಾಡಿದ್ದರಿಂದ ಹುಡುಗಿ ಉಳಿದಳು. ಹೊಟ್ಟೆಯ ಕೂಸೂ ಉಳಿಯಿತು. ಪೂರ್ತಿ ಸೂಜಿ ಕೊಟ್ಟಿದ್ದರೆ ಎಂಬ ಮಾತನ್ನು ಯಾರೂ ಆಡಲಿಲ್ಲ.

"ಹೊಸಬಳಿಗೆ ಯಂತ್ರ ಏನು ಹೇಳಲು ಸಾಧ್ಯ?" ಎಂದೆ.

ವೈದ್ಯರು ತಲೆಯಾಡಿಸಿದರು. "ಹೊಸಾಕಿ ಅಲ್ರೀ. ಆಕಿಗೆ ಉಸಿರು ಬಂದ ಕೂಡ್ಲೆ ಸಿಸ್ಟರ್ ಕಿವ್ಯಾಗ ಅಂದ್ಲಂತ, ಹಿಂದನೂ ಹಿಂಗ ಆಗಿತ್ತು, ಇದ ದವಾಖಾನ್ಯಾಗ, ಅಂತ. ಇದ ದವಾಖಾನ್ಯಾಗ!"

ನಾನು ಪೇಪರುಗಳ ಕಟ್ಟಿನಲ್ಲಿ ಹುಡುಕಿದೆ, ಟೇಬಲ್ಲಿನಲ್ಲಿ ಹುಡುಕಿದೆ. ಆ ಹೆಸರು, ಆ ಊರು ಎಲ್ಲೂ ಇರಲಿಲ್ಲ. ಕಡೆಗೆ ಸಿಸ್ಟರ್ ಜೊತೆ ವಾರ್ಡಿಗೆ ಹೋದೆ. ಅತ್ತೆ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತು ಮೋಸಂಬಿ ಸುಲಿಯುತ್ತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಆ ಪೆಟಗಿ ತಂದ ಸಾಹೇಬ್ರು ನೀವ ಏನ್ರಿ? ಅದಕ್ಕ ದಿನಾ ಊದಿನಕಡ್ಡಿ ಹಚ್ಚತೀರೇನು ಇಲ್ಲೋ? ಅದಕ್ಕ ಬಾಯಿ ಬಿಡವಲ್ದು."

"ಅತ್ತಿಯವರ, ಈ ಔಷಧ ಮೆಡಿಕಲ್ದಾಗ ಇಸಕೊಂಡ ಬರ್ರಿ," ಎಂದು ಸಿಸ್ಟರ್ ಒಂದು ಚೀಟಿ ಕೊಟ್ಟರು. "ಗದ್ದಲ ಇರ್ತೈತಿ, ಪಾಳಿ ಹಚ್ರಿ."

"ನನಗ ಹೊರಗ ಹಾಕಾಕ ಇದೊಂದು ನೆವ," ಎನ್ನುತ್ತಲೇ ಅವರು ಎದ್ದು ಹೋದರು. ಜಾಣೆ. ಆದರೆ ಹೋದರು.

ಹುಡುಗಿ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆಗೊಮ್ಮೆ ನೋಡಿದಳು. ಮನೆಮಾತು ಮರಾಠಿ, ಕನ್ನಡ ಸಲೀಸಾಗಿ ಬರುತ್ತಿತ್ತು.

"ಆವಾಗ ನಂದು ಲಗ್ನ ಆಗಿದ್ದಿಲ್ರಿ, ಕಾಕಾ. ನಮ್ಮಪ್ಪನ ಮನ್ಯಾಗ ನನ್ನ ಹೆಸರ ಬ್ಯಾರೆ ಇತ್ತು. ಈ ಹೆಸರ ಲಗ್ನದಾಗ ಇಟ್ಟದ್ದು."

ಆ ಹೆಸರು ಹೇಳಿದಳು. ಅದನ್ನೂ ಇದನ್ನೂ ನಾನು ಇಲ್ಲಿ ಬರೆಯುವುದಿಲ್ಲ, ಎರಡೂ ಅವಳವು. ತವರಿನ ಊರು ಹೇಳಿದಳು: ಲೋಂಡಾ ದಾಟಿ ಅಡವಿಯ ಒಳಗಿನದು. ನಾಲ್ಕೂ ಕಾಲಮ್ಮುಗಳು ಸರಸರನೆ ನನ್ನ ಕಣ್ಣ ಮುಂದೆ ಬಂದವು. ಹೆಸರು ಬದಲು. ತಂದೆಯ ಜಾಗಕ್ಕೆ ಗಂಡ. ಅಡ್ಡಹೆಸರು ಬದಲು. ಊರು ಬದಲು. ಕೀಯ ನಾಲ್ಕಕ್ಕೆ ನಾಲ್ಕೂ ಒಂದು ಮುಹೂರ್ತದಲ್ಲಿ ಬದಲಾಗಿದ್ದವು.

"ಸೂಜಿ ಒಗ್ಗಿಲ್ಲೇನು ಅಂತ ನಾ ಕೇಳಿದಾಗ ಅತ್ತಿ ಇಲ್ಲ ಅಂದ್ರು, ನೀ ಯಾಕವ್ವಾ ಸುಮ್ಕಿದ್ದಿ?" ಸಿಸ್ಟರ್ ಕೇಳಿದರು. "ಜೀವ ಹೋಗತಿತ್ತು."

"ಹೆಂಗ ಹೇಳ್ಲಿ ಬಾಯೀ? ಆವಾಗ ಒಂದ್ ಮಳಗಾಲ ಇಲ್ಲೇ ಮಲಗಿದ್ನಿ. ಎದಿ ಜಡ್ಡು. ಎಲ್ಲಾ ಆರಾಮ ಆಗೇತಿ, ಖರೇ. ಆದ್ರ ಇವ್ರಿಗೆ ನಮ್ಮಪ್ಪ ಹೇಳಿಲ್ಲ. ಜಡ್ಡಿನ ಹುಡಿಗಿ ಕೊಟ್ಟಾರಂತ ಗೊತ್ತಾದ್ರ ಇದಿಷ್ಟೂ ಹೊತ್ಗೊಂಡು ತವರಿಗೆ ನಡಿ ಅಂತಾರ." ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ನನ್ನನ್ನು ನೋಡಿದಳು. "ಕಾಕಾ, ಮಶಿನ್ನಾಗ ಬರೀರಿ. ಕಾಗದದ ಮ್ಯಾಲೆ ಬರಕೂಡದು. ಕಾಗದ ಅತ್ತಿ ಕೈಯಾಗ ಇರ್ತೈತಿ. ಆಕೀಗೆ ಓದಾಕ ಬರೂದಿಲ್ಲ, ಮೈದುನನ ಕಡಿಂದ ಓದಿಸ್ತಾಳ."

ಅವಳ ಜೀವಕ್ಕೆ ಆ ಹಳೆಯ ಸಂಗತಿ ಪರದೆಯ ಮೇಲೆ ಇರಬೇಕು. ಅವಳ ಬಾಳಿಗೆ ಅದು ಕಾಗದದ ಮೇಲೆ ಇರಬಾರದು. ಇಷ್ಟು ಸ್ಪಷ್ಟವಾದ ಬೇಡಿಕೆಯನ್ನು ಯಾವ ಗಿರಾಕಿಯೂ ನನಗೆ ಕೊಟ್ಟಿರಲಿಲ್ಲ.

ತವರಿನ ಹೆಸರು ಹಾಕಿ ಹುಡುಕಿದೆ: ಸಾಲು ಇತ್ತು, ಕೆಂಪು ಅಕ್ಷರವೂ ಇತ್ತು. ಸಂಜೆ ಲೋಂಡಾದಿಂದ ಬರುವ ಪ್ಯಾಸೆಂಜರ್ ಗಾಡಿ ಹತ್ತಿದೆ. ಆ ಗಾಡಿಯಲ್ಲಿ ದಿನದ ಪ್ರಯಾಣಿಕರು ಗುಂಪಾಗಿ ಕುಳಿತು ಇಸ್ಪೀಟು ಆಡುತ್ತಾರೆ, ಭಜನೆ ಹಾಡುತ್ತಾರೆ. ನಾನು ಕಿಟಕಿಯ ಪಕ್ಕ ಕುಳಿತೆ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಬೆಳಗಾವಿಯಲ್ಲಿ, ಖಾನಾಪುರದಲ್ಲಿ ಎಷ್ಟೋ ಮನೆತನಗಳಲ್ಲಿ ಅದು ನಡೆದುಬಂದದ್ದು. ನಾನೇ ಮಾಡಿದ್ದೇನೆ. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ಅದರಲ್ಲಿ ಹೊಸ ಹೆಸರು ಬರೆದಿದ್ದೇನೆ. ಹೆಸರನ್ನು ಆರಿಸಿದ್ದು ನನ್ನ ಅವ್ವ. ಬರೆದ ಮೇಲೆ ಅಕ್ಕಿಯನ್ನು ಕಲಸಿದರು. ಅಂದಿನಿಂದ ಹೆಂಡತಿ ಆ ಹೆಸರಿನವಳೇ ಆದಳು. ಪೋಸ್ಟಿಂಗಿನಿಂದ ಪೋಸ್ಟಿಂಗಿಗೆ ನನ್ನೊಡನೆ ಬಂದದ್ದು ಆ ಹೆಸರು. ಅವಳು ತೀರಿಕೊಂಡಾಗ ಸ್ಮಶಾನದ ಪಾವತಿಯಲ್ಲಿ ಬರೆದದ್ದೂ ಅದೇ.

ರಾಮತೀರ್ಥ ನಗರದ ಮನೆಗೆ ಬಂದು, ಬೂಟು ಬಿಚ್ಚಿ ಜಾಗದಲ್ಲಿಟ್ಟು, ಅನ್ನಕ್ಕಿಟ್ಟೆ. ಅವಳ ಮೊದಲಿನ ಹೆಸರು ನನಗೆ ನೆನಪಿತ್ತು. ಅವಳ ತಾಯಿ ಕರೆಯುತ್ತಿದ್ದರು. ತಾಯಿ ಹೋದ ಮೇಲೆ ಆ ಹೆಸರಿನಿಂದ ಅವಳನ್ನು ಕರೆಯುವವರು ಯಾರೂ ಉಳಿಯಲಿಲ್ಲ. ನಾನು ಒಂದು ದಿನವೂ ಕರೆದಿರಲಿಲ್ಲ. ಕುಕ್ಕರಿನ ಎದುರು ನಿಂತು ಅದನ್ನು ಒಮ್ಮೆ ಗಟ್ಟಿಯಾಗಿ ಅಂದೆ. ಬೇರೆ ಯಾರನ್ನೋ ಕರೆದಂತಾಯಿತು. ಊಟ ಮಾಡಿ, ತಾಟು ತೊಳೆದು ಮಲಗಿದೆ.

ಮರುದಿನ ಕಚೇರಿಯಲ್ಲಿ ಮಾಲೀಕನಿಗೆ ಎಲ್ಲ ಹೇಳಿದೆ. ಅವನು ಐದೇ ನಿಮಿಷದಲ್ಲಿ ಉಪಾಯ ಕಂಡುಹಿಡಿದ.

"ಕಾಕಾ, ಒಂದು ಕಾಲಂ ಹಚ್ಚಿ ಬಿಡ್ರಿ. 'ಹಳೇ ಹೆಸರು'. ಸೋಮವಾರಕ್ಕ ಮುಗೀತು. ಇದರಾಗ ಅಷ್ಟು ತಲಿ ಕೆಡಿಸಿಕೊಳ್ಳೂದು ಏನೈತಿ?"

"ಕೀ ಅದ ನಾಲ್ಕು ಕಾಲಂ ಉಳೀತೈತಲ್ಲ. ಆಕಿ ಹಳೇ ಸಾಲು ಬ್ಯಾರೆ, ಹೊಸ ಸಾಲು ಬ್ಯಾರೆನ ಉಳೀತಾವ. ಒಗ್ಗದ ಔಷಧ ಹಳೇ ಸಾಲಿಗೆ ಜೋತ ಬಿದ್ದೈತಿ."

"ಹುಡುಕೂವಾಗ ಎರಡೂ ನೋಡಿದ್ರಾತು."

"ಎರಡನೇ ಸಂಬಂಧ ಆದಾಕಿಗೆ ಮೂರು ಹೆಸರು. ಆಕೀಗೆ ಇನ್ನೊಂದು ಕಾಲಂ ಹಚ್ಚತೀಯೇನು? ಮತ್ತ ಕೇಸ್ ಪೇಪರ್ ಮ್ಯಾಲೆ ರೋಗಿ ಸಾಲಿಂದು ಎಲ್ಲಾ ಕಾಲಂ ಪ್ರಿಂಟ್ ಆಗ್ತಾವ. ಹಳೇ ಹೆಸರೂ ಬರ್ತೈತಿ."

ಅವನು ಕುರ್ಚಿಗೆ ಒರಗಿದ. ಕೆಟ್ಟವನಲ್ಲ. ಸಂಬಳ ಕೊಡಬೇಕಾದವನು.

"ಹಂಗಂದ್ರ ಎಲ್ಲಾ ಟೇಬಲ್ ಒಡೀಬೇಕು. ಹುಡುಗರನ್ನ ನಾನು ಬ್ಯಾರೆ ಕೆಲಸಕ್ಕ ಹಚ್ಚೀನಿ, ಕಾಕಾ. ಒಬ್ಬನ್ನೂ ಕೊಡಾಕ ಆಗೂದಿಲ್ಲ. ನೀವ ಒಬ್ಬರ ಮಾಡಬೇಕು."

"ಒಬ್ಬನ ಮಾಡ್ತೀನಿ," ಎಂದೆ.

ಕಾಗದದ ಮೇಲೆ ಹೊಸ ನಕ್ಷೆ ಬರೆದೆ. ವ್ಯಕ್ತಿಗೆ ಒಂದು ಟೇಬಲ್ಲು. ಅದರ ಕೀ ಬರೀ ಒಂದು ನಂಬರ್. ಆ ನಂಬರನ್ನು ರೋಗಿ ನೆನಪಿಡಬೇಕಿಲ್ಲ, ಕಾಗದದ ಮೇಲೆ ಬರಬೇಕಿಲ್ಲ, ಯಾರಿಗೂ ಕಾಣಬೇಕಿಲ್ಲ. ಅದಕ್ಕೆ ಯಾವ ಅರ್ಥವೂ ಇಲ್ಲ. ಅರ್ಥವಿಲ್ಲದ್ದರಿಂದಲೇ ಅದು ಬದಲಾಗುವುದಿಲ್ಲ. ಹೆಸರುಗಳಿಗೆ ಬೇರೆ ಟೇಬಲ್ಲು. ಒಬ್ಬ ವ್ಯಕ್ತಿಗೆ ಎಷ್ಟು ಹೆಸರಿದ್ದರೂ ಅಲ್ಲಿ ಅಷ್ಟು ಸಾಲು, ಎಲ್ಲವೂ ಅದೇ ನಂಬರಿಗೆ ಸೇರಿದವು. ಯಾವುದು ಈಗಿನದು ಎಂದು ಒಂದು ಗುರುತು. ಹುಡುಕುವಾಗ ಎಲ್ಲ ಹೆಸರೂ ನೋಡುತ್ತದೆ. ಪ್ರಿಂಟ್ ಮಾಡುವಾಗ ಈಗಿನದೊಂದೇ. ಒಗ್ಗದ ಔಷಧ ಹೆಸರಿಗೆ ಅಂಟುವುದಿಲ್ಲ, ವ್ಯಕ್ತಿಗೆ ಅಂಟುತ್ತದೆ. ವೈದ್ಯರು ಕೇಳಿದ ಹಾಗೆ ಹೆಸರು ಹಿಡಿದೇ ಹುಡುಕಬಹುದು. ಆದರೆ ಹೆಸರು ಬರೀ ಬಾಗಿಲು. ಒಳಗಿರುವವಳು ಬೇರೆ.

ಬರೆಯುವುದು ಸುಲಭ. ಆಸ್ಪತ್ರೆಯನ್ನು ಕಾಗದಕ್ಕೆ ಮರಳಿಸಿ, ಇದ್ದ ಟೇಬಲ್ಲುಗಳನ್ನು ಒಂದೊಂದಾಗಿ ತೆರೆದು ಹೊಲಿಗೆ ಬಿಚ್ಚಬೇಕಿತ್ತು. ಬೆಳಿಗ್ಗೆಯ ಗಾಡಿಗೆ ಹೋಗುತ್ತಿದ್ದೆ. ಮೊದಲು ಎಲ್ಲದರ ಪ್ರತಿ ಸಿ.ಡಿ.ಗೆ. ಆಮೇಲೆ ಪ್ರತಿ ಟೇಬಲ್ಲಿಗೂ ನಂಬರಿನ ಕಾಲಂ ಸೇರಿಸಿ, ಹಳೆಯ ನಾಲ್ಕು ಕಾಲಂ ಹೊಂದಿಸಿ ನಂಬರ್ ತುಂಬಿಸಿ, ಎಣಿಕೆ ತಾಳೆ ನೋಡಿ, ತಾಳೆಯಾದ ಮೇಲೇ ಹಳೆಯ ಕೀ ಕಳಚಬೇಕು. ಕರೆಂಟು ನಡುವೆ ಹೋದರೆ ಆ ಟೇಬಲ್ಲು ಮೊದಲಿನಿಂದ. ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಪಕ್ಕದ ಖೋಲಿಯಿಂದ ಎಕ್ಸ್‌ರೇಯವನ ದನಿ ಮಾತ್ರ: "ಉಸುರ ಹಿಡೀರಿ... ಬಿಡ್ರಿ." ಎಷ್ಟೋ ದಿನ ನನ್ನ ಕಿವಿಗೆ ಬಿದ್ದ ಮನುಷ್ಯರ ಮಾತು ಅದೊಂದೇ. ಮಧ್ಯಾಹ್ನ ಸ್ಟೇಷನ್ನಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆ. ಅಲ್ಲಿ ಗಾಡಿಗಳಾದರೂ ಬರುತ್ತಿದ್ದವು.

ಗಂಡಸರ ವಿಷಯದಲ್ಲಿ ಹಳೆಯ ಕೀ ಭದ್ರವಾಗಿತ್ತು ಎಂದುಕೊಂಡಿದ್ದೆ. ಅದೂ ಸುಳ್ಳಾಯಿತು. ತಾಳೆ ನೋಡುವಾಗ ಒಬ್ಬನ ಸಾಲು ವಿಚಿತ್ರವಾಗಿ ಕಂಡಿತು. ಒಂದು ಭೇಟಿಯಲ್ಲಿ ರಕ್ತದೊತ್ತಡದ ಗುಳಿಗೆ, ಮುಂದಿನದರಲ್ಲಿ ಮಕ್ಕಳ ಕೆಮ್ಮಿನ ಔಷಧ, ಅದರ ಮುಂದೆ ಮೊಣಕಾಲ ನೋವು, ಅದರ ಮುಂದೆ ದಡಾರದ ಲಸಿಕೆ. ಸಿಸ್ಟರನ್ನು ಕರೆದು ತೋರಿಸಿದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು.

"ಅಯ್ಯ ಇವರ! ಇದು ಅಜ್ಜ ಮೊಮ್ಮಗ ಇಬ್ಬರದೂ ರೀ. ಅಜ್ಜನ ಹೆಸರ ಮೊಮ್ಮಗನಿಗೆ ಇಟ್ಟಾರ. ಅಜ್ಜನ ಅಪ್ಪನ ಹೆಸರ ಅಜ್ಜನ ಮಗನಿಗೆ ಇಟ್ಟಿದ್ರು. ಅಡ್ಡಹೆಸರ ಒಂದ, ಊರ ಒಂದ, ಮನಿನೂ ಒಂದ. ಮುದುಕಗ ದಡಾರದ ಸೂಜಿ ಚುಚ್ಚಿರಿ ನೀವು!"

ಮುದುಕನಿಗೆ ಯಾರೂ ಚುಚ್ಚಿರಲಿಲ್ಲ. ಆದರೆ ಯಂತ್ರದ ಲೆಕ್ಕದಲ್ಲಿ ಅಜ್ಜ ಮೊಮ್ಮಗ ಒಬ್ಬನೇ ಮನುಷ್ಯನಾಗಿದ್ದರು. ಒಬ್ಬ ಹೆಣ್ಣುಮಗಳನ್ನು ಎರಡು ಮಾಡಿದ್ದ ಕೀ ಇಬ್ಬರು ಗಂಡಸರನ್ನು ಒಂದು ಮಾಡಿತ್ತು. ಇಂಥ ಸಾಲುಗಳನ್ನು ಪ್ರೋಗ್ರಾಂ ತಾನಾಗಿ ಬಿಡಿಸಲಾರದು. ವಯಸ್ಸು ನೋಡಿ ಒಂದೊಂದು ಭೇಟಿಯನ್ನೂ ಕೈಯಿಂದ ಅಜ್ಜನಿಗೆ, ಮೊಮ್ಮಗನಿಗೆ ಹಂಚಿದೆ. ಅಂಥವು ಇನ್ನೂ ಸಿಕ್ಕವು. ಒಪ್ಪಿಕೊಂಡ ದಿನ ದಾಟಿತು. ಮಾಲೀಕ ಫೋನ್ ಮಾಡುವುದನ್ನು ಬಿಟ್ಟ. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಎರಡಾಗಿದ್ದ ಹೆಂಗಸರನ್ನು ಒಂದು ಮಾಡುವುದು ಇನ್ನೂ ಕಷ್ಟ. ಯಾವ ಎರಡು ಸಾಲು ಒಬ್ಬಳವು ಎಂಬುದು ಅವಳೊಬ್ಬಳಿಗೇ ಗೊತ್ತು. ಕೇಳಬೇಕು. ಎಲ್ಲಿ ಕೇಳುವುದು? ಕೌಂಟರಿನಲ್ಲಿ ಅತ್ತೆ, ಮಾವ, ನಾದಿನಿ ಎಲ್ಲರೂ ಕಟ್ಟೆಗೆ ಆತುಕೊಂಡು ನಿಂತಿರುತ್ತಾರೆ; ಸೊಸೆಯ ಉತ್ತರ ಅವರೇ ಕೊಡುತ್ತಾರೆ. ನಾನು ಎರಡು ದಿನ ಆ ಕೌಂಟರಿನ ಹಿಂದೆ ಸುಮ್ಮನೆ ಕುಳಿತು ನೋಡಿದೆ. ಆಸ್ಪತ್ರೆಯಲ್ಲಿ ರೋಗಿ ಒಬ್ಬಳೇ ಹೋಗುವ ಜಾಗ ಒಂದೇ ಇತ್ತು: ತೂಕದ ಖೋಲಿ. ಚಿಕ್ಕದು, ಇಬ್ಬರಿಗಿಂತ ಹೆಚ್ಚು ಹಿಡಿಸುವುದಿಲ್ಲ. ವೈದ್ಯರಿಗೆ ಹೇಳಿದೆ: ಕೌಂಟರಿನ ಪರದೆ ಕೌಂಟರಿನಲ್ಲಿರಲಿ, ನನ್ನ ಖೋಲಿಯ ಯಂತ್ರವನ್ನು ತೂಕದ ಖೋಲಿಗೆ ಹಾಕಿಸಿ.

"ತೂಕದ ಖೋಲ್ಯಾಗ ಕಂಪ್ಯೂಟರ್? ಮಂದಿ ಏನಂತಾರ?"

"ತೂಕ ಬರಕೊಳ್ಳಾಕ ಅಂತಾರ್ರಿ. ಬರಕೊಳ್ಳಲಿ. ಅದರ ಕೂಡ ಸಿಸ್ಟರ್ ಇನ್ನೊಂದು ಮಾತು ಕೇಳ್ತಾರ."

ಅವರು ಎದ್ದು ಹೋಗಿ ಎಲೆಕ್ಟ್ರಿಷಿಯನ್‌ನನ್ನು ತಾವೇ ಕರೆತಂದರು.

ಹೊಸ ಪ್ರೋಗ್ರಾಂ ಶುರುವಾದದ್ದು ಸಂತೆಯ ದಿನ. ಗರ್ದಿ ಬಹಳ. ನಾನು ಕೌಂಟರಿನ ಪರದೆಯ ಎದುರು ಕುಳಿತಿದ್ದೆ. ತೂಕದ ಖೋಲಿಯ ಬಾಗಿಲು ಮುಚ್ಚುವುದು, ತೆರೆಯುವುದು ಕಾಣುತ್ತಿತ್ತು. ಒಳಗೆ ಏನು ಮಾತಾಡುತ್ತಾರೆ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಹೆಸರುಗಳ ಟೇಬಲ್ಲಿನಲ್ಲಿ ಸಾಲುಗಳು ಹೆಚ್ಚುವುದಷ್ಟೇ ನನಗೆ ತಿಳಿಯುತ್ತಿತ್ತು. ಒಬ್ಬಳು ನಗುತ್ತಾ ಹೊರಬಂದಳು. ಒಬ್ಬಳು ಕಣ್ಣೊರೆಸಿಕೊಂಡು ಬಂದಳು. ಕೋಲು ಊರಿಕೊಂಡು ಹೋದ ಒಬ್ಬ ಮುದುಕಿ ಎಷ್ಟು ಹೊತ್ತಾದರೂ ಬರಲಿಲ್ಲ. ಹೊರಗೆ ಅವಳ ಮಗ, "ಏನ್ ತೂಕ ಮಾಡಾಕ ಹತ್ಯಾರೋ, ಹತ್ತಿ ಚೀಲೇನು?" ಎಂದು ಗೊಣಗುತ್ತಿದ್ದ. ಸಿಸ್ಟರ್ ಆಮೇಲೆ ಹೇಳಿದರು: ಅಜ್ಜಿಗೆ ಹೆಸರು ಕೂಡಲೇ ನೆನಪಾಗಲಿಲ್ಲ, ನೆನಪಾದ ಮೇಲೆ ಅದನ್ನು ಮತ್ತೆ ಮತ್ತೆ ಹೇಳುತ್ತಾ ಕುಳಿತುಬಿಟ್ಟಳು.

ಆ ಬಸುರಿ ಹುಡುಗಿ ಕೂಡ ತಪಾಸಣೆಗೆ ಬಂದಳು. ಅತ್ತೆ ಎಂದಿನಂತೆ ಹಿಂದೆ. ತೂಕದ ಖೋಲಿಯಲ್ಲಿ ಸಿಸ್ಟರ್ ಅವಳ ಎರಡು ಸಾಲುಗಳನ್ನು ತೆರೆದು, ಅವಳನ್ನೇ ಕೇಳಿ, ಒಂದು ನಂಬರಿಗೆ ಸೇರಿಸಿದರು. ಕೌಂಟರಿನ ಪರದೆಯಲ್ಲಿ ಅವಳ ಈಗಿನ ಹೆಸರಿನ ಕೆಳಗೆ ಕೆಂಪು ಅಕ್ಷರ ಮೂಡಿತು. ಹಳೆಯ ಹೆಸರು ಇಲ್ಲ, ಹಳೆಯ ಊರು ಇಲ್ಲ, ಔಷಧದ ಹೆಸರೊಂದೇ.

ಅತ್ತೆ ಪರದೆ ನೋಡಿ ನನ್ನ ಕಡೆ ತಿರುಗಿದರು. "ಇದೇನ್ರಿ ಕೆಂಪಂದು?"

"ಅವತ್ತ ತೋಳು ಉಬ್ಬಿತ್ತಲ್ರಿ, ಆ ಸೂಜಿ. ಇನ್ನ ಕೊಡಬಾರದು ಅಂತ."

"ಅಷ್ಟ ಏನು?"

"ಅಷ್ಟ ರೀ."

"ಅಂತೂ ಬಾಯಿ ಬಿಟ್ತಪಾ," ಎಂದು ಅವರು ಪ್ರಿಂಟಾದ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಸೊಸೆ ನನ್ನ ಕಡೆ ನೋಡಲಿಲ್ಲ. ನೋಡದಿರುವುದೇ ಜಾಣತನ.

ಕೆಲಸ ಒಪ್ಪಿಸಿ ಹಿಂದವಾಡಿಗೆ ಮರಳಿದೆ. ಅಲ್ಲಿ ಹುಡುಗರು ಬೇರೆ ಕೆಲಸದಲ್ಲಿ ಮುಳುಗಿದ್ದರು. ನನ್ನ ಮೇಜಿನ ಮೇಲೆ ಅವರ ಖಾಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ತೆಗೆದು, ಒರೆಸಿ, ಕುಳಿತೆ. ನಾನು ಏನು ಮಾಡಿ ಬಂದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅರ್ಧ ಹೇಳುವಂತಿರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಮನೆಗೆ ಫೋನ್ ಬಂತು. ಹಿರಿಯ ಸಿಸ್ಟರ್.

"ಸುಬೇದಾರ ಸಾಹೇಬ್ರ, ಆಕಿ ಹಡದ್ಲು. ತವರಿಗೆ ಹೋಗಿದ್ಲಲ್ಲ, ಅವರವ್ವ ಕರಕೊಂಡ ಬಂದಿದ್ಲು. ಕೌಂಟರ್ ಮ್ಯಾಲೆ ಆ ಅವ್ವ ರೂಢಿ ಮ್ಯಾಲೆ ತವರಿನ ಹೆಸರ, ಅಪ್ಪನ ಹೆಸರ, ಅಪ್ಪನ ಊರ ಹೇಳಿಬಿಟ್ಳು. ನಾ ಓಡಿ ಹೋಗಿ ಪರದೆ ನೋಡಿದ್ನಿ. ಆದ್ರ ಸಾಲು ಬಂತ ನೋಡ್ರಿ. ಕೆಂಪನೂ ಬಂತು. ಕಾಗದದಾಗ ಗಂಡನ ಮನಿ ಹೆಸರ. ಜ್ವರ ಬಂದಿತ್ತು, ಬ್ಯಾರೆ ಔಷಧ ಕೊಟ್ರು. ಇಬ್ಬರೂ ಆರಾಮ ಅದಾರ."

"ಚಲೋ ಆತು."

"ನಾ ಫೋನ್ ಮಾಡಿದ್ದು ಅದಕ್ಕಲ್ಲ. ಕೂಸಿನ್ನ ಮಶಿನ್ನಾಗ ಹಾಕಬೇಕು. ಹೆಸರ ಇನ್ನೂ ಇಟ್ಟಿಲ್ಲ. ಮೊದಲಿನ ಪ್ರೋಗ್ರಾಂ ಹೆಸರಿಲ್ಲದ ಒಳಗ ಬಿಡತಿದ್ದಿಲ್ಲ. ಏನರ ಸುಳ್ಳ ಹೆಸರ ಬರೀಲೇನು?"

"ಏನೂ ಬರೀಬ್ಯಾಡ್ರಿ. ಖಾಲಿ ಬಿಡ್ರಿ. ಸೇವ್ ಒತ್ರಿ."

ಫೋನಿನಲ್ಲಿ ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಸಿಸ್ಟರ್ ಉಸಿರು ಬಿಟ್ಟರು.

"ತಗೊಂತ್ರಿ. ಬಾ ಅಂತು."

"ಗಂಡೋ ಹೆಣ್ಣೋ?"

"ಹೆಣ್ಣು."

ಫೋನ್ ಇಟ್ಟೆ. ಮನೆಯಲ್ಲಿ ಹೇಳಲು ಯಾರೂ ಇರಲಿಲ್ಲ. ಹೆಸರುಗಳ ಟೇಬಲ್ಲಿನಲ್ಲಿ ಆ ಕೂಸಿಗೆ ಒಂದು ಸಾಲೂ ಇರಲಿಲ್ಲ. ವ್ಯಕ್ತಿಗಳ ಟೇಬಲ್ಲಿನಲ್ಲಿ ಅವಳು ಇದ್ದಳು.